ನಲ್ಲಿಯ ಸಾಲಿನಿಂದ ಬಂದ ಪಂಚರು

ಅಥವಾ ಆ ಹಸ್ತಪ್ರತಿಯ ಕಟ್ಟಿಗೆ ಸುತ್ತಿದ್ದದ್ದು ಬರಿಯ ಸೆಣಬಿನ ದಾರವಾಗಿತ್ತೋ ಏನೋ. ನನ್ನ ನೆನಪು ಸೀರೆಯ ಅಂಚನ್ನು ತೋರಿಸುತ್ತದೆ, ಅದೂ ಕೆಂಪು ಅಂಚು. ಹೆಂಗಸು ಬರೆದಿರಬಹುದಾದ ಹಸ್ತಪ್ರತಿಗೆ ಸೀರೆಯ ಅಂಚು ಸುತ್ತಿಬಿಡುವುದು ನೆನಪಿಗೆ ಬಹಳ ಸುಲಭದ ಕೆಲಸ. ಅದಕ್ಕೇ ನಾನದನ್ನು ನಂಬುವುದಿಲ್ಲ. ಕೆಡದೆ ಉಳಿದಿರುವುದು ಸಿಟ್ಟು ಒಂದೇ. ಸಿಟ್ಟೂ ಸಾಕ್ಷಿಯಲ್ಲವೆಂದು ಗೊತ್ತು. ಆದರೂ ಅದನ್ನೇ ಹಿಡಿದುಕೊಂಡು ಬರೆಯುತ್ತೇನೆ, ಕೈತಪ್ಪಿದ ಕಡೆ ಕೈತಪ್ಪಿತು ಎನ್ನುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನಾನಾಗ ಮಾಟುಂಗದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಅಂಧೇರಿಯ ಮನೆಯಿಂದ ಲೋಕಲ್‌ನಲ್ಲಿ ಬಂದುಹೋಗುವುದು. ಮೊದಲೂ ಕೊನೆಯೂ ಇಲ್ಲದ ನಾಲ್ಕಾರು ಕಥೆಗಳನ್ನು ಬರೆದು, ಓದಿದವರ ಹತ್ತಿರ ಬೈಸಿಕೊಂಡಿದ್ದೆ. ಹೀಗಿರುವಾಗ ಮಾಟುಂಗದ ಒಬ್ಬ ಪ್ರಕಾಶಕರು ನನ್ನನ್ನು ಕರೆಸಿದರು. ಉಡುಪಿ ಕಡೆಯವರು. ಹೋಟೆಲೊಂದರ ಮೇಲಿನ ಅಟ್ಟದಂಥ ಕೋಣೆಯಲ್ಲಿ ಅವರ ಪತ್ತೇದಾರಿ ಮಾಲೆಯ ಕಚೇರಿ. ಕೆಳಗಿನಿಂದ ಒಗ್ಗರಣೆಯ ಹೊಗೆ ಬಂದರೆ ಕೆಮ್ಮುತ್ತ ಪ್ರೂಫ್ ತಿದ್ದಬೇಕು.

ಅದು ದಾರೂಬಂದಿಯ, ಎಂದರೆ ಪಾನನಿಷೇಧದ, ಕಾಲ. ಸೀರೆಯೊಳಗೆ ಬಾಟಲಿ ಕಟ್ಟಿಕೊಂಡು ಓಡಾಡುವ ಹೆಂಗಸರನ್ನು ತಪಾಸಣೆ ಮಾಡಲು ಪೊಲೀಸಿನಲ್ಲಿ ಹೆಂಗಸರು ಬೇಕಾಗಿದ್ದರು. ದಾದರ್ ಸ್ಟೇಷನ್ನಿನಲ್ಲಿ ಅಂಥ ಒಬ್ಬರೋ ಇಬ್ಬರೋ ಕಾಣಿಸಿದರೆ ಜನ ನಿಂತು ನೋಡುತ್ತಿದ್ದರು. ಜನ ನಿಂತು ನೋಡುವುದನ್ನು ಮಾರಬಹುದೆಂದು ಪ್ರಕಾಶಕರಿಗೆ ಹೊಳೆದಿತ್ತು. ಪೊಲೀಸ್ ಇಲಾಖೆಯ ಹೆಂಗಸು ತನಿಖೆ ನಡೆಸುವ ಕಾದಂಬರಿಗಳ ಸ್ಪರ್ಧೆ ಇಟ್ಟರು. ತೀರ್ಪುಗಾರರು ಮೂವರು: ಪ್ರಕಾಶಕರು, ಧಾರವಾಡ ಕಡೆಯಿಂದ ಬಂದು ಇಲ್ಲೇ ನೆಲೆಸಿ ಸರಕಾರಿ ವಕೀಲರಾಗಿ ನಿವೃತ್ತರಾಗಿದ್ದ ಹಿರಿಯರೊಬ್ಬರು, ಮತ್ತು ನಾನು.

"ನಾನು ಯಾಕೆ?" ಎಂದು ಕೇಳಿದೆ.

"ಹೆಂಗಸರ ವಿಷಯ ಅಲ್ವಾ ಟೀಚರ್, ಒಂದು ಹೆಂಗಸರ ಹೆಸರು ಇದ್ರೆ ಚಂದ," ಎಂದರು ಪ್ರಕಾಶಕರು. "ಮತ್ತೆ ನಿಮ್ಮ ಕಥೆ ಓದಿದ್ದೇನೆ ಮಾರಾಯ್ರೇ. ಅದರಲ್ಲಿ ಯಾರು ಯಾರಿಗೆ ಮಾತಾಡ್ತಾರೆ ಅಂತ ಕಂಡುಹಿಡಿಯಲಿಕ್ಕೇ ಒಬ್ಬ ಪತ್ತೇದಾರ ಬೇಕು. ನಿಮಗೆ ಈ ಕೆಲಸ ಕಷ್ಟ ಆಗ್ಲಿಕ್ಕಿಲ್ಲ."

ಪದ್ಧತಿ ಹೀಗೆ: ಪ್ರಕಾಶಕರು ಬರೆದವರ ಹೆಸರಿದ್ದ ಹಾಳೆಯನ್ನು ತೆಗೆದಿಟ್ಟುಕೊಂಡು ಹಸ್ತಪ್ರತಿಗೆ ಒಂದು ಸಂಖ್ಯೆ ಹಾಕುತ್ತಿದ್ದರು. ಒಬ್ಬರು ಓದಿ ಮತ್ತೊಬ್ಬರಿಗೆ ದಾಟಿಸುವುದು. ಕಥೆ, ಕುತೂಹಲ, ಭಾಷೆ, ನೀತಿ ಎಂದು ನಾಲ್ಕು ತಲೆಬರಹದಡಿ ಅಂಕ. ಕೊನೆಯ ನಿರ್ಣಯದ ಕಾಗದಕ್ಕೆ ಮೂವರ ಸಹಿಯೂ ಬೀಳಬೇಕು. ಸಹಿ ಹಾಕಿದವರೆಲ್ಲ ಎಲ್ಲವನ್ನೂ ಓದಿರಬೇಕೆಂಬುದು ಹೇಳದೆ ಒಪ್ಪಿದ ಮಾತು ಎಂದು ನಾನು ತಿಳಿದಿದ್ದೆ.

ಆ ನಾಲ್ಕು ತಲೆಬರಹಗಳಿಂದ ನನಗೇನೂ ಸಿಗಲಿಲ್ಲ. ಕಥೆ ಎಲ್ಲದರಲ್ಲೂ ಇತ್ತು, ಕುತೂಹಲ ಎಲ್ಲದರಲ್ಲೂ ಸತ್ತಿತ್ತು. ಆಗ ನನ್ನದೇ ಒಂದು ದಾರಿ ಮಾಡಿಕೊಂಡೆ. ಕೆಂಪು ನೀಲಿ ಎರಡು ತುದಿಯ ಪೆನ್ಸಿಲ್ ಬರುತ್ತಿತ್ತಲ್ಲ, ಅದನ್ನು ಹಿಡಿದು ಓದುವುದು. ತನಿಖೆಯ ಹೆಂಗಸು ತಾನಾಗಿ ಏನಾದರೂ ನಿರ್ಧರಿಸಿದರೆ, ಇವನನ್ನು ಪ್ರಶ್ನಿಸೋಣ, ಈ ಬಾಗಿಲು ಮುಚ್ಚಿಸೋಣ, ಅವಳ ಮಾತು ಸುಳ್ಳು ಎಂದುಕೊಂಡರೆ, ಅಂಚಿನಲ್ಲಿ ನೀಲಿ ಗೆರೆ. ಅವಳ ಪರವಾಗಿ ಇನ್ನೊಬ್ಬರು ನಿರ್ಧರಿಸಿದರೆ ಕೆಂಪು. ಲೇಡೀಸ್ ಡಬ್ಬದಲ್ಲಿ ನಿಂತುಕೊಂಡೇ ಗೆರೆ ಎಳೆಯುತ್ತಿದ್ದೆ. ಬಾಂದ್ರಾ ದಾಟುವಷ್ಟರಲ್ಲಿ ನೀಲಿ ತುದಿ ಕೆಲಸವಿಲ್ಲದೆ ಕೂತಿರುತ್ತಿತ್ತು.

ಎಂಥೆಂಥ ಹೆಂಗಸರು! ಒಬ್ಬಳು ಶವ ಕಂಡು ಮೂರ್ಛೆ ಹೋಗುತ್ತಾಳೆ. ಮೂರ್ಛೆಯಲ್ಲೇ ಕೊಲೆಗಾರನ ಮುಖ ಹೊಳೆಯುತ್ತದೆ. ಒಬ್ಬಳು ಸಮವಸ್ತ್ರವನ್ನು ಎರಡನೆಯ ಅಧ್ಯಾಯದಲ್ಲಿ ಕಳಚಿಟ್ಟು ನರ್ತಕಿಯ ವೇಷ ಹಾಕಿದವಳು ಮತ್ತೆ ತೊಡುವುದೇ ಇಲ್ಲ. ಇನ್ನೊಬ್ಬಳ ಪಿಸ್ತೂಲು ಜಡೆಯಲ್ಲಿ, ಮಲ್ಲಿಗೆ ದಂಡೆಯ ಅಡಿಯಲ್ಲಿ ಇರುತ್ತದೆ. ಎಲ್ಲರನ್ನೂ ಗೋದಾಮಿನಲ್ಲಿ ಕಟ್ಟಿಹಾಕುತ್ತಾರೆ, ಎಲ್ಲರನ್ನೂ ಒಬ್ಬ ಎತ್ತರದ ಇನ್ಸ್‌ಪೆಕ್ಟರ್ ಬಿಡಿಸುತ್ತಾನೆ, ಬಿಡಿಸಿದವನನ್ನೇ ಮದುವೆಯಾಗಿ ಎಲ್ಲರೂ ಕೆಲಸ ಬಿಡುತ್ತಾರೆ. ಒಂದರಲ್ಲಂತೂ ಅವಳು ಕೊಲೆ ನಡೆದ ಕೋಣೆಗೆ ಹೋದವಳೇ ಸೆರಗು ಸಿಕ್ಕಿಸಿಕೊಂಡು ಕಸ ಗುಡಿಸುತ್ತಾಳೆ. ಲೇಖಕರಿಗೆ ಅದು ಹೆಂಗಸಿನ ಸಹಜ ಗುಣ. ಸಾಕ್ಷ್ಯವನ್ನೆಲ್ಲ ಗುಡಿಸಿ ಮೂಲೆಗೆ ಹಾಕಿದವಳಿಗೆ ಕೊನೆಯಲ್ಲಿ ಪದಕ. ಅದಕ್ಕೆ ವಕೀಲರು ನೀತಿಯಲ್ಲಿ ಪೂರ್ತಿ ಅಂಕ ಕೊಟ್ಟಿದ್ದರು.

ಹೀಗೆ ರೋಸಿಹೋಗಿದ್ದಾಗ ಆ ಕಟ್ಟು ನನ್ನ ಕೈಗೆ ಬಂತು.

ಪರೇಲಿನ ಒಂದು ಚಾಳು. ಮಿಲ್ಲಿಗೆ ಕೂಲಿಗಳನ್ನು ಸೇರಿಸುವ ಜಾಬರ್ ಒಬ್ಬ ತನ್ನ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಕಳ್ಳಭಟ್ಟಿ ಕುಡಿದು ಸತ್ತ ಎಂದು ಎಲ್ಲರೂ ಹೇಳುತ್ತಾರೆ. ದಾರೂಬಂದಿ ತಪಾಸಣೆಗೆಂದು ಅಲ್ಲಿಗೆ ಬಂದಿದ್ದ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಅವನ ಪಕ್ಕದ ಲೋಟವನ್ನು ಮೂಸಿ ನೋಡುತ್ತಾಳೆ. ದಾರೂ ವಾಸನೆಯಿಲ್ಲ, ಬೇರೇನೋ ಇದೆ. ಆ ಲೋಟವನ್ನು ವಶಪಡಿಸಿಕೊಳ್ಳಬೇಕು. ಆದರೆ ಅದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಪಂಚನಾಮೆ ಆಗಬೇಕು. ಎಂದರೆ ಸುತ್ತಮುತ್ತಲಿನ ಇಬ್ಬರು ಪಂಚರು ಬಂದು, ಕಣ್ಣಾರೆ ನೋಡಿ, ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಅವಳು ಕರೆದರೆ ಚಾಳಿನ ಗಂಡಸರು ಬರುವುದಿಲ್ಲ. ಹೆಂಗಸಿನ ಮುಂದೆ ಕೈಕಟ್ಟಿ ನಿಲ್ಲುವುದೇ? ಒಬ್ಬನಿಗೆ ಪಾಳಿ, ಒಬ್ಬನಿಗೆ ಜ್ವರ, ಒಬ್ಬ ಸುಮ್ಮನೆ ಬೀಡಿ ಹಚ್ಚುತ್ತಾನೆ. ಲೋಟ ಬಿಟ್ಟು ಹೋದರೆ ಯಾರೋ ತೊಳೆದಿಡುತ್ತಾರೆ. ಅವಳು ಬಾಗಿಲಲ್ಲೇ ನಿಲ್ಲುತ್ತಾಳೆ. ಒಂದು ಇಡೀ ಅಧ್ಯಾಯ ಅವಳು ಬಾಗಿಲಲ್ಲಿ ನಿಲ್ಲುತ್ತಾಳೆ, ಅಷ್ಟೇ. ಕೊನೆಗೆ ನೀರಿನ ನಲ್ಲಿಯ ಸಾಲಿನಲ್ಲಿದ್ದ ಇಬ್ಬರು ಹೆಂಗಸರನ್ನು ಕೂಗಿ ಕರೆಯುತ್ತಾಳೆ. ಅವರು ಕೊಡ ಕೆಳಗಿಟ್ಟು ಬಂದು ಹೆಬ್ಬೆಟ್ಟು ಒತ್ತುತ್ತಾರೆ.

ಠಾಣೆಯಲ್ಲಿ ಮೇಲಧಿಕಾರಿ ಆ ಕಾಗದವನ್ನು ಹರಿದು ಹಾಕುತ್ತಾನೆ. ಬೀದಿ ನಲ್ಲಿಯ ಹೆಂಗಸರು ಪಂಚರೇ? ಠಾಣೆಯ ಬಾಗಿಲಲ್ಲಿ ಚಹಾ ಕುಡಿಯುತ್ತ ಸದಾ ಸಿಗುವ ಇಬ್ಬರು ಖಾಯಂ ಪಂಚರ ಸಹಿ ಹಾಕಿಸಿ ಹೊಸದು ಬರೆಸುತ್ತಾನೆ. ಅವರಿಬ್ಬರೂ ಆ ಹೊತ್ತು ಚಾಳಿನಲ್ಲಿ ಇರಲೇ ಇಲ್ಲವೆಂದು ಎದುರು ಪಕ್ಷದ ವಕೀಲ ಕೋರ್ಟಿನಲ್ಲಿ ತೋರಿಸುತ್ತಾನೆ. ಕೊಲೆಗಾರ ಬಿಡುಗಡೆಯಾಗಿ ಅದೇ ಚಾಳಿಗೆ ಹಿಂತಿರುಗುತ್ತಾನೆ. ಕಾದಂಬರಿ ಮುಗಿಯುತ್ತದೆ.

ಅಂಚಿನ ತುಂಬ ನೀಲಿ. ಎಲ್ಲೂ ಒಂದು ಉಪಮೆಯಿಲ್ಲ. ಆ ಅಕ್ಷರ ಕನ್ನಡ ಶಾಲೆಯಲ್ಲಿ ಹೆಚ್ಚು ದಿನ ಕೂತವರದ್ದಲ್ಲ. ಆದರೆ ಬಾಗಿಲಲ್ಲಿ ನಿಂತ ಆ ಅಧ್ಯಾಯದಂಥದ್ದನ್ನು ಬರೆಯಲು ನಾನು ನಾಲ್ಕಾರು ಕಥೆಗಳಲ್ಲಿ ಒದ್ದಾಡಿ ಸೋತಿದ್ದೆ.

ಮೊದಲ ಸಭೆಯಲ್ಲೇ ವಕೀಲರು ಅದನ್ನು ಬದಿಗಿಟ್ಟರು. "ಇದನ್ನ ತಗದಬಿಡ್ರಿ. ಬರದಾಂವಗ ಕಾಯ್ದೆ ಗೊತ್ತಿಲ್ಲ."

"ಯಾವ ಕಾಯ್ದೆ?" ಎಂದೆ.

"ಹೆಣ್ಣಮಕ್ಕಳು ಪಂಚರಾಗಂಗಿಲ್ರೀ ಬಾಯಾರ. ನಾ ಕೋರ್ಟಿನ್ಯಾಗ ಕೂದಲಾ ಬೆಳ್ಳಗ ಮಾಡ್ಕೊಂಡಾಂವ. ಒಮ್ಮೆ, ಒಂದs ಒಂದ್ ಸಲಾನೂ ನೋಡಿಲ್ಲ."

"ನೀವು ನೋಡಿಲ್ಲ ಅನ್ನುವುದು ಬೇರೆ, ಆಗಬಾರದು ಅನ್ನುವುದು ಬೇರೆ. ಕಾಯ್ದೆಯಲ್ಲಿ ಹಾಗೆ ಬರೆದಿದೆಯೇ?"

"ಬರದಿರತೈತಿ."

"ತಂದು ತೋರಿಸುತ್ತೀರಾ?"

ಅವರು ಪ್ರಕಾಶಕರ ಕಡೆ ತಿರುಗಿ, "ಮಾಸ್ತರಿಣಿಯವರು ನಮಗs ಹೋಮ್‌ವರ್ಕ್ ಕೊಟ್ರು," ಎಂದು ನಕ್ಕರು. ಪ್ರಕಾಶಕರೂ ನಕ್ಕರು. ನನಗೆ ನಗು ಬರಲಿಲ್ಲ. ಜಡೆಯಲ್ಲಿ ಪಿಸ್ತೂಲು ಇಟ್ಟುಕೊಂಡವಳ ಬಗ್ಗೆ ಈ ಮನುಷ್ಯ ಯಾವ ಕಾಯ್ದೆಯನ್ನೂ ಎತ್ತಿರಲಿಲ್ಲ.

ಆ ವಾರವೇ ಇರಬೇಕು, ಶಾಲೆ ಬಿಟ್ಟ ಮೇಲೆ ಪರೇಲಿಗೆ ಹೋದೆ. ಕಾದಂಬರಿಯನ್ನು ಊರಿನೊಂದಿಗೆ ತಾಳೆ ನೋಡುವುದು ತೀರ್ಪುಗಾರರ ಕೆಲಸವಲ್ಲ. ಆದರೆ ಎದುರಿನವರು ಕೋರ್ಟನ್ನು ತಂದರೆ ನಾನು ಚಾಳನ್ನಾದರೂ ತರಬೇಡವೇ? ಪಾಳಿ ಮುಗಿದ ಭೋಂಗಾ ಕೂಗಿ ಮಿಲ್ಲಿನಿಂದ ಗಂಡಸರು ಬರುತ್ತಿದ್ದರು, ತಲೆಯ ಮೇಲೆಲ್ಲ ಹತ್ತಿಯ ದೂಳು. ಒಂದು ಚಾಳಿನ ಅಂಗಳದಲ್ಲಿ ನಲ್ಲಿಯ ಸಾಲು ನಿಂತಿತ್ತು. ನನ್ನ ಮುರುಕು ಮರಾಠಿಯಲ್ಲಿ ಒಬ್ಬಾಕೆಯನ್ನು ಕೇಳಿದೆ: ಪೊಲೀಸರು ಕರೆದರೆ ಸಾಕ್ಷಿಗೆ ನಿಲ್ಲುತ್ತೀರಾ?

"ಆಧೀ ಪಾಣೀ, ಬಾಯಿ," ಎಂದಳು. ಮೊದಲು ನೀರು. ಸಾಲೆಲ್ಲ ನಕ್ಕಿತು. ಹಿಂದಿನವಳು ನನ್ನನ್ನು ದಾರೂಬಂದಿಯವಳೆಂದು ಭಾವಿಸಿ ಸೆರಗು ಬಿಗಿದುಕೊಂಡಳು.

ಆ ನಗು ನನಗೆ ಹಿಡಿಸಲಿಲ್ಲ. ಕಾದಂಬರಿಯಲ್ಲಿ ಆ ಇಬ್ಬರು ಎಷ್ಟು ಸಲೀಸಾಗಿ ಕೊಡ ಕೆಳಗಿಟ್ಟು ಬಂದಿದ್ದರು! ಅದೊಂದು ಕಡೆ ಸಡಿಲವಾಗಿದೆ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ.

ಕಾಯ್ದೆಯ ಪುಸ್ತಕವನ್ನು ವಕೀಲರು ಮುಂದಿನ ಸಭೆಗೆ ತರಲಿಲ್ಲ. ಮರೆತೆ ಎಂದರು. ಅದರ ಮುಂದಿನ ಸಲ, ಅಳಿಯ ತೆಗೆದುಕೊಂಡು ಹೋಗಿದ್ದಾನೆ ಎಂದರು. ನಾನು ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕದವರ ಹತ್ತಿರ ತಡಕಾಡಿ ರಟ್ಟು ಹರಿದ ಒಂದು ಕ್ರಿಮಿನಲ್ ಪ್ರೊಸೀಜರ್ ಕೋಡ್ ಹುಡುಕಿದೆ. ಇಂಗ್ಲಿಷಿನ ಆ ಮರಳಿನಂಥ ವಾಕ್ಯಗಳನ್ನು ಎರಡು ಸಲ ಓದಿದೆ. ಶೋಧನೆ ನಡೆಯುವ ಸ್ಥಳದ ಇಬ್ಬರೋ ಹೆಚ್ಚೋ ಗೌರವಸ್ಥ ನಿವಾಸಿಗಳು ಎಂದಿತ್ತು. ಗಂಡಸರು ಎಂದು ಎಲ್ಲೂ ಇರಲಿಲ್ಲ.

ಸಭೆಯಲ್ಲಿ ಪುಟ ತೆರೆದು ಮುಂದಿಟ್ಟೆ. ವಕೀಲರು ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿದರು, ಮತ್ತೆ ಓದಿದರು.

"ಇದು ಹಳೇ ಆವೃತ್ತಿ ಐತಿ," ಎಂದರು.

"ಹೊಸದರಲ್ಲಿ ಹೆಂಗಸರನ್ನು ತೆಗೆದುಹಾಕಿದ್ದಾರೆಯೇ?"

"ನೋಡ್ರೀ, 'ಗೌರವಸ್ಥ ನಿವಾಸಿ' ಅಂದ್ರ ಯಾರು? ಮನೀ ಯಜಮಾನ. ಅಂಗಡಿಯಾಂವ. ಇದನ್ನ ಬಿಡಿಸಿ ಬರಿಯೂ ಕಾರಣ ಇಲ್ಲ, ಎಲ್ಲಾರಿಗೂ ಗೊತ್ತಿರತೈತಿ. ನಲ್ಲೀಕಟ್ಟಿ ಮ್ಯಾಲೆ ಜಗಳಾಡೂ ಹೆಂಗಸರನ್ನ ಯಾವ ಮ್ಯಾಜಿಸ್ಟ್ರೇಟ್ ನಂಬತಾನ್ರೀ?"

"ಕಾದಂಬರಿಯ ಮೇಲಧಿಕಾರಿಯೂ ಇದನ್ನೇ ಹೇಳುತ್ತಾನೆ. ಅವನು ಹೇಳಿದ್ದರಿಂದಲೇ ಖಟ್ಲೆ ಬಿದ್ದುಹೋಗುತ್ತದೆ. ನೀವು ತಪ್ಪು ಎಂದು ಅಂಕ ಕಳೆದದ್ದೇ ಆ ಪುಸ್ತಕದ ವಿಷಯ."

ಆಗ ಅವರ ಮುಖ ಕೆಂಪಾಯಿತು. "ಮತ್ತs ಆ ಖಾಯಂ ಪಂಚರ ವಿಷಯ? ಇಲಾಖೆಗೆ ಮಸಿ ಬಳಿಯೂದು ಅದು. ನೀತಿಯೊಳಗ ಸೊನ್ನೆ." ಅವರ ಕೆಲಸದ ದಿನಗಳಲ್ಲಿ ಖಾಯಂ ಪಂಚರ ಬಲದ ಮೇಲೆ ಅವರು ಖಟ್ಲೆ ಗೆದ್ದಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಆಧಾರವಿಲ್ಲದೆ ಅದನ್ನಿಲ್ಲಿ ಸೇರಿಸುವುದೂ ಸರಿಯಲ್ಲ. ಆದರೆ ಅವರ ಧ್ವನಿ ಏರಿದ್ದು ಅಲ್ಲೇ.

ಪ್ರಕಾಶಕರಿಗೆ ಬೇರೆ ತಲೆನೋವು. "ಪಂಚರ ಕಥೆ ನೀವಿಬ್ರು ಮಾಡಿಕೊಳ್ಳಿ. ಕೊಲೆಗಾರ ಸಿಕ್ಲೇ ಇಲ್ಲ ಅಂದ್ರೆ ಅದು ಎಂಥ ಪತ್ತೇದಾರಿ ಮಾರಾಯ್ರೇ? ತಗೊಂಡವ ಕೊನೇ ಪುಟ ಓದಿ ನನ್ನನ್ನ ಹುಡುಕಿಕೊಂಡು ಬರ್ತಾನೆ, ಪತ್ತೆಯೂ ಮಾಡ್ತಾನೆ." ಬರವಣಿಗೆ ಚೆನ್ನಾಗಿದೆ ಎಂದು ಅವರು ಒಪ್ಪಿದರು. ಆದ್ದರಿಂದ ತಿದ್ದಿಸಿ ಹಾಕುವ: ಪಂಚರನ್ನು ಒಬ್ಬ ಇನ್ಸ್‌ಪೆಕ್ಟರ್ ಬಂದು ಒಪ್ಪಿಸಲಿ, ಕೊಲೆಗಾರ ಸಿಕ್ಕಿಬೀಳಲಿ, ಕೊನೆಯಲ್ಲಿ ಮದುವೆ. ಬರೆದುಕೊಡುವವರು ಒಬ್ಬರಿದ್ದಾರೆ. ಬಹುಮಾನ ಮೂರ್ಛೆ ಹೋಗುವವಳಿಗೆ.

"ಬರೆದವರನ್ನು ಕೇಳಿದ್ದೀರಾ?"

"ಕಳಿಸಿದ ಹಸ್ತಪ್ರತಿಯ ಹಕ್ಕು ಮಾಲೆಯದ್ದು. ನಿಯಮದಲ್ಲಿ ಉಂಟು."

ನಾನು ಸಹಿ ಹಾಕುವುದಿಲ್ಲ ಎಂದೆ. ಬರೆದವರ ಒಪ್ಪಿಗೆಯಿಲ್ಲದೆ ಒಂದು ಅಕ್ಷರ ಬದಲಾದರೂ ಹಾಕುವುದಿಲ್ಲ. ಮೊದಲು ಅವರಿಗೆ ಒಂದು ಕಾರ್ಡ್ ಬರೆದು ಕೇಳಿ. ನನ್ನ ಒಂದು ಸಹಿ ನಿಂತರೆ ಎಲ್ಲ ನಿಂತೀತೆಂದು ಭಾವಿಸಿದ್ದೆ.

ಪ್ರಕಾಶಕರು ಸ್ವಲ್ಪವೂ ಗಾಬರಿಯಾಗಲಿಲ್ಲ. "ಕಾರ್ಡು ಬರೆಯುವ, ಅದಕ್ಕೇನು. ಸಹಿಗೆ ತೊಂದರೆ ಇಲ್ಲ ಟೀಚರ್. ನಮ್ಮ ಭಾವನವರು ಹಾಕ್ತಾರೆ. ಅವರಿಗೆ ಕಣ್ಣಿನ ಪೊರೆ, ಓದ್ಲಿಕ್ಕೆ ಆಗುದಿಲ್ಲ. ಸಹಿ ಮಾತ್ರ ಚಂದ ಹಾಕ್ತಾರೆ."

ವಕೀಲರು ತಲೆಯಾಡಿಸಿದರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾನು ಏನೋ ಒರಟಾಗಿ ಹೇಳಿದೆ. ಏನು ಹೇಳಿದೆ ಎಂಬುದು ನೆನಪಿನಲ್ಲಿ ಬಹಳ ಚೂಪಾಗಿದೆ, ಆದ್ದರಿಂದ ಅದು ಆಮೇಲೆ ಮಸೆದದ್ದೇ ಇರಬೇಕು. ಬಿಟ್ಟುಬಿಡುತ್ತೇನೆ. ಇನ್ನೊಮ್ಮೆ ಓದುತ್ತೇನೆಂದು ಹೇಳಿ ಕಟ್ಟನ್ನು ನನ್ನ ಚೀಲಕ್ಕೆ ಹಾಕಿಕೊಂಡು ಎದ್ದೆ. ಬೇರೆ ಪ್ರತಿ ಇತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕೈಬರಹ, ಒಂದೇ ಕಟ್ಟು.

ಆ ಕಟ್ಟಿನ ಹೆಸರಿನ ಹಾಳೆಯಲ್ಲಿದ್ದದ್ದು ಇನಿಷಿಯಲ್ಲು, ಒಂದು ವಿಳಾಸ, ಅಷ್ಟೇ; ಅಲ್ಲಿಗೆ ಹೋದ ಕಾರ್ಡಿಗೆ ಉತ್ತರ ಬರಲಿಲ್ಲ. ಭಾನುವಾರ ಒಬ್ಬ ಹೆಂಗಸು ಬಂದರು. ಕಟ್ಟು ವಾಪಸು ತನ್ನಿ ಎಂದು ಪ್ರಕಾಶಕರು ನನ್ನನ್ನು ಕರೆಸಿದ್ದರು, ನಾವು ಮೂವರೂ ಕಚೇರಿಯಲ್ಲಿ ಇದ್ದೆವು. ಬಿಳಿಯ ನೂಲಿನ ಸೀರೆ, ಕಾಲಲ್ಲಿ ಗಟ್ಟಿ ಚಪ್ಪಲಿ, ನನಗಿಂತ ಹಿರಿಯರು. ಕುರ್ಚಿ ತೋರಿಸಿದರೂ ಬಾಗಿಲ ಹತ್ತಿರವೇ ನಿಂತರು.

"ಕಾರ್ಡು ಬಂದಿತ್ತು. ಪುಸ್ತಕ ವಾಪಸು ತಗೊಂಡು ಹೋಗ್ಲಿಕ್ಕೆ ಬಂದದ್ದು," ಎಂದರು. ಮಂಗಳೂರು ಕಡೆಯ ಮಾತು.

"ನೀವೇನು ಬರದಾವ್ರು?" ವಕೀಲರು ಕೇಳಿದರು.

"ಬರೆದವರಿಗೆ ಬರ್ಲಿಕ್ಕೆ ಆಗುದಿಲ್ಲ."

"ಬರದಾವ್ರು ಗಂಡಸರೋ ಹೆಂಗಸರೋ?"

"ನೀವು ಓದಿದ್ರಲ್ಲ, ನಿಮಗೆ ಎಂಥ ಅನಿಸ್ತು?"

ಪ್ರಕಾಶಕರಿಗೆ ನಗು ತಡೆಯಲಾಗಲಿಲ್ಲ. ವಕೀಲರಿಗೆ ಕೋರ್ಟು ಮೈಮೇಲೆ ಬಂತು. "ಪೊಲೀಸ್ ಕೆಲಸ ಇಷ್ಟ ಖರೇ ಬರದಾರಂದ್ರ ಇದನ್ನ ಇಂಗ್ಲಿಷ್ ಪುಸ್ತಕದಾಗಿಂದ ಎತ್ತಿರಬೇಕು. ಯಾವ ಪುಸ್ತಕ?"

"ಇಂಗ್ಲೆಂಡಿನಲ್ಲಿ ನಲ್ಲಿಗೆ ಸಾಲು ನಿಲ್ತಾರಾ ಸಾರ್?"

"ಕೂತುಕೊಳ್ಳಿ ಅಕ್ಕ, ಒಂದು ಕಾಪಿ ಕುಡೀರಿ," ಎಂದು ಪ್ರಕಾಶಕರು ನಡುವೆ ಬಂದರು. "ನಮಗೆ ಪುಸ್ತಕ ಇಷ್ಟ ಆಗಿದೆ. ಮದುವೆ ಬೇಡ ಅಂದ್ರೆ ಮದುವೆ ಬಿಡುವ. ಕೊಲೆಗಾರ ಒಬ್ಬ ಸಿಕ್ಕಿಬೀಳಲಿ, ಅಷ್ಟೇ."

"ಅವ ಸಿಕ್ಕಿಬೀಳಲಿಲ್ಲ," ಎಂದರು ಆಕೆ.

"ಕಥೆಯಲ್ಲಿ ಬೀಳಿಸಬಹುದಲ್ಲ!"

ಕಾಪಿ ಬಂತು, ಆಕೆ ಮುಟ್ಟಲಿಲ್ಲ. ಪ್ರಕಾಶಕರ ದನಿ ಬಿಗಿಯಾಯಿತು: ಬರೆದವರೇ ಖುದ್ದು ಬಂದು, ಹೆಸರು ವಿಳಾಸ ಬರೆದು, ಸಹಿ ಹಾಕಿ ತೆಗೆದುಕೊಂಡು ಹೋಗಲಿ, ಮಧ್ಯದವರ ಕೈಗೆ ಕೊಡುವ ಪದ್ಧತಿಯಿಲ್ಲ. ಸರಕಾರಿ ನೌಕರಿಯಲ್ಲಿದ್ದವರು ಅನುಮತಿಯಿಲ್ಲದೆ ಹೀಗೆಲ್ಲ ಬರೆದು ಅಚ್ಚು ಹಾಕಿಸುವಂತಿಲ್ಲ ಎಂಬ ಸಂಗತಿಯನ್ನು ವಕೀಲರೇ ಆಗ ಹೊರಗೆಡವಿದರು, ಆಕೆಯ ಮುಖವನ್ನೇ ನೋಡುತ್ತ. ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದರು. ಹೋಗುವ ಲಕ್ಷಣವಿರಲಿಲ್ಲ.

ನಾನು ಚೀಲದಿಂದ ಕಟ್ಟನ್ನು ತೆಗೆದು ಆಕೆಯ ಕೈಗೆ ಕೊಟ್ಟೆ.

"ಏನ್ ಮಾಡ್ತೀರಿ ಬಾಯಾರ? ಇದು ಇವರದ್ದು ಅನ್ನೂದಕ್ಕ ಸಾಕ್ಷಿ ಏನೈತಿ?"

"ನಾನಿದ್ದೇನೆ," ಎಂದೆ.

"ಒಬ್ಬಾಕಿ ಸಾಕ್ಷಿ ಸಾಲಂಗಿಲ್ಲ."

"ಕೆಳಗೆ ನಲ್ಲಿಯಿದೆ. ಇನ್ನೊಬ್ಬಳನ್ನು ಕರೆದು ತರಲೇ?"

ಪ್ರಕಾಶಕರು ಎದ್ದು ನಿಂತು ಟೀಚರ್, ಟೀಚರ್ ಎನ್ನುತ್ತಿದ್ದರು. ಆಕೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ನಾನೂ ಹಿಂದೆಯೇ ಇಳಿದೆ. ಆ ಕೋಣೆಗೆ ಮತ್ತೆ ಹೋಗಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಆಕೆ ನಿಂತರು. ಉಪಕಾರವಾಯಿತು ಎಂದೇನೂ ಹೇಳಲಿಲ್ಲ. ನಾನು, ಓದುವ ಚಟ ನೋಡಿ, ಆ ಹೊತ್ತಿನಲ್ಲೂ ನನ್ನ ಟಿಪ್ಪಣಿಯನ್ನು ಬಿಡಲಾರದೆ ಹೇಳಿದೆ: "ಪುಸ್ತಕ ಬಹಳ ಚೆನ್ನಾಗಿದೆ. ಒಂದೇ ಕಡೆ ನಂಬಿಕೆ ಬರಲಿಲ್ಲ. ನಲ್ಲಿಯ ಆ ಇಬ್ಬರು ಅಷ್ಟು ಸುಲಭವಾಗಿ ಹೇಗೆ ಒಪ್ಪಿದರು?"

ಆಕೆ ಕಟ್ಟಿನ ಗಂಟನ್ನು ಇನ್ನಷ್ಟು ಬಿಗಿದರು.

"ಒಪ್ಪಲಿಲ್ಲ," ಎಂದರು. "ಒಬ್ಬಳು ಬಂದದ್ದು. ಎರಡನೆಯವಳು ನೀರು ಬಿಟ್ಟು ಬರಲಿಲ್ಲ."

"ಮತ್ತೆ ಇನ್ನೊಂದು ಹೆಬ್ಬೆಟ್ಟು?"

"ಲೋಟ ಅಲ್ಲೇ ಇತ್ತಲ್ಲ ಟೀಚರ್, ಬಿಟ್ಟು ಬರ್ಲಿಕ್ಕೆ ಆಗ್ತದಾ?" ಎಂದು ಹೇಳಿ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದರು.

ಸ್ಪರ್ಧೆಯ ಫಲಿತಾಂಶ ಬಂತು. ಮೂರ್ಛೆಯವಳಿಗೆ ಮೊದಲ ಬಹುಮಾನ, ಗುಡಿಸಿದವಳಿಗೆ ಎರಡನೆಯದು. ಕೆಳಗೆ ಮೂರು ಹೆಸರು, ಮೂರನೆಯದು ಭಾವನವರದ್ದು. ಮುದ್ರಿತ ಪುಸ್ತಕಗಳನ್ನು ನಾನೇ ಸ್ಟೇಷನ್ನಿನ ಸ್ಟಾಲಿನಲ್ಲಿ ನೋಡಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಓದದವರ ಸಹಿ ಮಾಡಿದ ಅನ್ಯಾಯದ ಬಗ್ಗೆ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ.

ಆ ಪರೇಲಿನ ಕಾದಂಬರಿ ಮುಂದೆ ಎಲ್ಲಾದರೂ ಅಚ್ಚಾಯಿತೋ, ನನಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಬಿದ್ದಿಲ್ಲ. ಬಂದವರು ಬರೆದವರೋ, ಆ ಸಬ್ ಇನ್ಸ್‌ಪೆಕ್ಟರೋ, ಕೊಡ ಕೆಳಗಿಟ್ಟು ಬಂದ ಆ ಒಬ್ಬಳೋ, ಗೊತ್ತಿಲ್ಲ. ಬಾರದವಳ ಹೆಸರಿನಲ್ಲಿ ಕಾಗದದ ಮೇಲೆ ಬಿದ್ದ ಎರಡನೆಯ ಹೆಬ್ಬೆಟ್ಟು ಯಾರದ್ದು ಎಂಬುದು ಗೊತ್ತಿಲ್ಲ. ಅದನ್ನು ಮೊದಲೇ ಕೇಳಿ ತಿಳಿದಿದ್ದರೆ, ನಾನು ಕಟ್ಟನ್ನು ಚೀಲದಿಂದ ಹೊರಗೆ ತೆಗೆಯುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.